ಗೋಡೆಯೊಳಗೆ ನೊರೆ ಇದ್ದ ಮನೆ

ಕೆನಡಾದ ಹ್ಯಾಮಿಲ್ಟನ್‌ನ ಆ ಮನೆಗೆ ನಾವು ಕೊಟ್ಟ ಆಫರ್ ಮಾರನೇ ದಿನ ವಾಪಸ್ ಬಂತು. ಬೆಲೆ ಸ್ವಲ್ಪ ಏರಿಸಿದ್ದರು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಒಳಪುಟದಲ್ಲಿತ್ತು. ಒಂದು ಇಡೀ ಪ್ಯಾರಾದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮಾರುವವರು ಚಿಕ್ಕ ಸಹಿ ಹಾಕಿದ್ದರು.

"ಇದನ್ಯಾಕೆ ಹೊಡೆದುಹಾಕಿದ್ದಾರೆ?" ಅಂತ ಏಜೆಂಟನ್ನು ಕೇಳಿದೆ.

"ಅದು ಯೂಫಿ ಕಲಮು. ಗೋಡೆಯಲ್ಲಿ ಹಳೇ ಫೋಮ್ ಇರಬೇಕು" ಅಂದರು. ಬಿಟ್ಟುಬಿಡಿ, ಬೇರೆ ಮನೆ ನೋಡೋಣ ಅನ್ನೋ ದನಿ.

ಹ್ಯಾಮಿಲ್ಟನ್ ಇರುವ ಒಂಟಾರಿಯೊ ಪ್ರಾಂತದಲ್ಲಿ ಮನೆ ಕೊಳ್ಳಲು, ಮಾರಲು ಸಾಮಾನ್ಯವಾಗಿ ಬಳಸುವುದು ಒಂದೇ ನಮೂನೆಯ ಕರಾರು ಪತ್ರ. ಅದರಲ್ಲಿ ಮಾರುವವರು ಒಂದು ಮಾತು ಕೊಡಬೇಕು. ನಾನು ಈ ಮನೆಗೆ ಯೂರಿಯಾ ಫಾರ್ಮಾಲ್ಡಿಹೈಡ್ ಇರುವ ಇನ್ಸುಲೇಷನ್ ಹಾಕಿಸಿಲ್ಲ, ನನಗೆ ತಿಳಿದಮಟ್ಟಿಗೆ ಈ ಮನೆಯಲ್ಲಿ ಅದು ಈಗಲೂ ಇಲ್ಲ, ಹಿಂದೆಯೂ ಇರಲಿಲ್ಲ ಅಂತ. ಇನ್ಸುಲೇಷನ್ ಅಂದರೆ ಮನೆ ಬೆಚ್ಚಗಿರಲಿ ಅಂತ ಗೋಡೆಯೊಳಗೆ ತುಂಬುವ ವಸ್ತು. ಇದು ನೊರೆಯಾಗಿ ತುಂಬಿ ಗಟ್ಟಿಯಾಗುವಂಥದ್ದು. ಇದರ ಚುಟುಕು ಹೆಸರು ಯುಎಫ್‌ಎಫ್‌ಐ. ಜನರ ಬಾಯಲ್ಲಿ ಯೂಫಿ. ಎಷ್ಟೋ ಜನ ಆ ಪ್ಯಾರಾ ಓದದೆಯೇ ಸಹಿ ಹಾಕುತ್ತಾರೆ. ಈ ಮನೆಯ ಯಜಮಾನರು ಓದಿದ್ದರು. ಸುಳ್ಳು ಬರೆದುಕೊಡಲು ಅವರಿಗೆ ಇಷ್ಟ ಇರಲಿಲ್ಲ. ನನಗೆ ಆ ಮನುಷ್ಯರ ಮೇಲೆ ನಂಬಿಕೆ ಹುಟ್ಟಿದ್ದೇ ಅಲ್ಲಿ.

ಮನೆ ಇರುವುದು ಹ್ಯಾಮಿಲ್ಟನ್ ಮೌಂಟನ್ ಮೇಲೆ. ಮೌಂಟನ್ ಅಂದರೆ ಬೆಟ್ಟ ಅಲ್ಲ, ನಯಾಗರಾ ಎಸ್ಕಾರ್ಪ್‌ಮೆಂಟ್ ಅನ್ನೋ ಉದ್ದನೆಯ ಕಡಿದಾದ ಬಂಡೆಸಾಲಿನ ಮೇಲಿನ ಸಮತಟ್ಟು ಜಾಗ. ಕೆಳಗೆ ಉಕ್ಕಿನ ಕಾರ್ಖಾನೆಗಳು, ಸರೋವರ. ಮೇಲೆ ಎರಡನೇ ಮಹಾಯುದ್ಧದ ನಂತರ ಸಾಲುಸಾಲಾಗಿ ಕಟ್ಟಿದ ಸಣ್ಣ ಇಟ್ಟಿಗೆ ಬಂಗಲೆಗಳು. ನಮ್ಮದು 1950ರ ದಶಕದ್ದು. ಮಿಸಿಸಾಗಾದಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿತ್ತು, ಅಲ್ಲಿ ಇಷ್ಟು ದುಡ್ಡಿಗೆ ಕಾಂಡೋ ಸಿಕ್ಕರೆ ಹೆಚ್ಚು. ಇಲ್ಲಿ ಹಿತ್ತಲು ಇತ್ತು, ದೊಡ್ಡ ಮೇಪಲ್ ಮರ ಇತ್ತು, ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತಿತ್ತು. ಬಾಗಿಲು ಪೂರ್ವಕ್ಕಾ ಅಂತ ದಾವಣಗೆರೆಯಿಂದ ಮಾವ ಕೇಳಿದರು. ಉತ್ತರಕ್ಕೆ ಅಂದಾಗ, "ಅದೂ ನಡೀತದೆ" ಅಂದರು. ವಾಸ್ತು ಪಾಸಾಯಿತು. ನಿಂತದ್ದು ನೊರೆಯ ಹತ್ತಿರ.

ನಮ್ಮನೆಯವರು ಆವತ್ತು ರಾತ್ರಿ ಇಂಟರ್ನೆಟ್ಟಿನಲ್ಲಿ ಏನೇನೋ ಓದಿ ಎದ್ದರು. ನಮ್ಮ ಮಗನಿಗೆ ಚಳಿಗಾಲದಲ್ಲಿ ವೀಸಿಂಗ್ ಬರುತ್ತದೆ, ಪಫ್ ಕೊಡಬೇಕು. ಫಾರ್ಮಾಲ್ಡಿಹೈಡ್ ಸಾಧು ಅನಿಲ ಏನಲ್ಲ. ಕಣ್ಣು, ಮೂಗು, ಗಂಟಲು ಉರಿಸುತ್ತದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. "ಇಷ್ಟು ಗೊತ್ತಿದ್ದೂ ದುಡ್ಡು ಕೊಟ್ಟು ತಗೋಬೇಕೇನೇ?" ಅಂತ ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ನಾನು ಹೇಳಿದ್ದು ಇಷ್ಟೇ: "ರೀ, ಇನ್‌ಸ್ಪೆಕ್ಷನ್ ಷರತ್ತು ಇದೆಯಲ್ಲ. ನೋಡಿಸೋಣ, ಗಾಳಿ ಟೆಸ್ಟ್ ಮಾಡಿಸೋಣ. ಆಮೇಲೆ ಬೇಡ ಅನ್ನೋಣ."

ಅದೇ ವಾರ ರಾಜ್ಯೋತ್ಸವದ ಊಟ. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ಒಬ್ಬರಿಗೆ ಹೇಳಿದ್ದು ಮೊಸರನ್ನ ಬರುವಷ್ಟರಲ್ಲಿ ಹಾಲಿಗೆಲ್ಲ ಹಬ್ಬಿತ್ತು. ಬಂದ ಸಲಹೆಗಳಿಗೆ ಲೆಕ್ಕ ಇಲ್ಲ. ಒಬ್ಬರು ಅದನ್ನು ಆಸ್‌ಬೆಸ್ಟಾಸ್ ಅಂದರು. ಇನ್ನೊಬ್ಬರು, ನಮ್ಮ ಹೊಸ ಮನೆಯಲ್ಲೂ ಸ್ಪ್ರೇ ಫೋಮ್ ಇದೆ, ಹಾಗಾದರೆ ಅದೂ ವಿಷಾನಾ ಅಂತ ಹೆದರಿಕೊಂಡರು. ಎರಡೂ ಅಲ್ಲ. ಈಗ ಹೊಡೆಯುವ ಸ್ಪ್ರೇ ಫೋಮ್ ಪಾಲಿಯುರೆಥೇನ್, ಅದರ ರಸಾಯನವೇ ಬೇರೆ. ನ್ಯೂಜೆರ್ಸಿಯ ನಮ್ಮ ಮೈದುನ ಫೋನಿನಲ್ಲಿ, "ಇಲ್ಲಿ ಅದು ಬ್ಯಾನೇ ಇಲ್ಲ ಅತ್ತಿಗೆ" ಅಂದ. ಅವನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಅಮೆರಿಕ ಇಡೀ ದೇಶಕ್ಕೆ 1982ರಲ್ಲಿ ನಿಷೇಧ ಹೇರಿತ್ತು. ಮರುವರ್ಷ ಅಲ್ಲಿಯ ಮೇಲ್ಮನವಿ ಕೋರ್ಟು ಅದನ್ನು ರದ್ದು ಮಾಡಿತು. ಕೆನಡಾದಲ್ಲಿ 1980ರ ಡಿಸೆಂಬರ್‌ನಲ್ಲಿ ಬಂದ ನಿಷೇಧ ಇವತ್ತಿಗೂ ಇದೆ.

ಇನ್‌ಸ್ಪೆಕ್ಟರ್ ಬಂದ ದಿನ ಹೊರಗೆ ಒಳ್ಳೇ ಚಳಿ. ಒಳ್ಳೆಯದೇ ಆಯಿತು ಅಂದರು, ಒಳಗೂ ಹೊರಗೂ ಉಷ್ಣತೆಯ ವ್ಯತ್ಯಾಸ ಇದ್ದರೇ ಥರ್ಮಲ್ ಕ್ಯಾಮೆರಾ ಸರಿಯಾಗಿ ತೋರಿಸುತ್ತದಂತೆ. ಅವರು ಮೊದಲು ಮನೆಯೊಳಗೆ ಹೋಗಲೇ ಇಲ್ಲ. ಹೊರಗೋಡೆಗೆ ಟಾರ್ಚನ್ನು ಪಕ್ಕದಿಂದ ಹಿಡಿದು ನನ್ನನ್ನು ಕರೆದರು. ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಗುಂಡಗಿನ ಬೊಟ್ಟುಗಳು. ಸುತ್ತಲಿನ ಗಾರೆಗಿಂತ ಒಂದು ಛಾಯೆ ಕಪ್ಪು, ರೂಪಾಯಿ ನಾಣ್ಯದಷ್ಟು ಅಗಲ. ಸರಿಸುಮಾರು ಒಂದೇ ಅಂತರದಲ್ಲಿ, ಒಂದು ಸಾಲು ಕೆಳಗೆ, ಒಂದು ಸಾಲು ಮೇಲೆ. ಪ್ರತಿ ಕಿಟಕಿಯ ಕೆಳಗೂ ಒಂದೆರಡು ಹೆಚ್ಚುವರಿ. ಆ ಮನೆಯನ್ನು ನಾವು ಹಗಲು ಹೊತ್ತು ನೋಡಿದ್ದೆವು, ಒಂದು ಬೊಟ್ಟೂ ಕಣ್ಣಿಗೆ ಬಿದ್ದಿರಲಿಲ್ಲ. ತೋರಿಸಿದ ಮೇಲೆ ಬರೀ ಅವೇ ಕಾಣತೊಡಗಿದವು.

ಆ ತೂತುಗಳ ಮೂಲಕವೇ ನೊರೆ ಒಳಗೆ ಹೋದದ್ದು. ಲಾರಿಯಲ್ಲಿ ಎರಡು ಡ್ರಮ್ ಬರುತ್ತಿದ್ದವು, ಒಂದರಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ರಾಳ, ಇನ್ನೊಂದರಲ್ಲಿ ಆಮ್ಲ ಬೆರೆಸಿದ ನೊರೆ ಬರಿಸುವ ದ್ರಾವಣ. ಗನ್ನಿನ ಬಾಯಲ್ಲಿ ಎರಡೂ ಸೇರಿ, ಗಾಳಿ ಒತ್ತಡಕ್ಕೆ ದಪ್ಪ ಬಿಳಿ ನೊರೆಯಾಗಿ ಗೋಡೆಯ ಟೊಳ್ಳಿಗೆ ತುಂಬಿಕೊಳ್ಳುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಗಟ್ಟಿ. ಪೂರ್ತಿ ಒಣಗಲು ವಾರಗಳು. ಗೋಡೆ ಒಡೆಯಬೇಕಿಲ್ಲ, ಒಂದು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಮಿಶ್ರಣದ ಹದ ಮಾತ್ರ ಆ ದಿನದ ಕೆಲಸಗಾರನ ಕೈಯಲ್ಲಿ. ರಾಳ ಜಾಸ್ತಿ ಆಯಿತೋ, ಉಳಿದ ಫಾರ್ಮಾಲ್ಡಿಹೈಡ್ ಮನೆಯೊಳಗೆ ಬಿಡುಗಡೆ.

ಇದನ್ನೆಲ್ಲ ಹಾಕಿಸಿದ್ದು ಯಾಕೆ ಅಂತ ಯಜಮಾನರೇ ಹೇಳಿದರು. ಮಾರುವವರು ಸಾಮಾನ್ಯವಾಗಿ ಇನ್‌ಸ್ಪೆಕ್ಷನ್ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ. ಇವರು ಇದ್ದರು. ಎಂಬತ್ತು ದಾಟಿದ ಇಟಲಿ ಮೂಲದವರು, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ಎಣ್ಣೆ ಬೆಲೆ ಏರಿತ್ತಮ್ಮ. ನಮ್ಮದು ಆಗ ಆಯಿಲ್ ಫರ್ನೇಸ್. ಸರ್ಕಾರವೇ ದುಡ್ಡು ಕೊಡ್ತೀನಿ, ಗೋಡೆಗೆ ಇನ್ಸುಲೇಷನ್ ಹಾಕಿಸಿ ಅಂತು. ಬೀದಿಯಲ್ಲಿ ಅರ್ಧಕ್ಕರ್ಧ ಮಂದಿ ಹಾಕಿಸಿದರು" ಅಂದರು. ಅವರು ಹೇಳಿದ್ದು ನಿಜ. 1973ರ ತೈಲ ಬಿಕ್ಕಟ್ಟಿನ ನಂತರ, 1977ರಲ್ಲಿ ಕೆನಡಾ ಸರ್ಕಾರ ಮನೆಗಳ ಇನ್ಸುಲೇಷನ್‌ಗೆ ಸಹಾಯಧನ ಶುರು ಮಾಡಿತು. ಒಪ್ಪಿಗೆ ಪಡೆದ ವಸ್ತುಗಳಲ್ಲಿ ಈ ನೊರೆಯೂ ಇತ್ತು. ಇವರು ಹಾಕಿಸಿದ್ದು 1978ರಲ್ಲಿ. ಮೊದಲ ಕೆಲವು ವಾರ ಕಣ್ಣಲ್ಲಿ ನೀರು, ಜನವರಿಯ ಚಳಿಯಲ್ಲೂ ಕಿಟಕಿ ತೆಗೆದು ಮಲಗಿದ್ದರಂತೆ. ಚಳಿ ತಡೆಯಲು ದುಡ್ಡು ಸುರಿದು, ಆಮೇಲೆ ಕಿಟಕಿ ತೆಗೆದು ಮಲಗುವುದು. ಅವರು ಅದನ್ನು ಹೇಳಿ ತಾವೇ ನಕ್ಕರು.

ಎರಡು ವರ್ಷಕ್ಕೆ ಅದೇ ಸರ್ಕಾರ ಅದೇ ವಸ್ತುವನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದಲ್ಲಿ ಒಂದು ಲಕ್ಷದಷ್ಟು ಮನೆಗಳ ಗೋಡೆಯೊಳಗೆ ಅದು ಸೇರಿಕೊಂಡಿತ್ತು. ತೆಗೆಸಲು ಅಥವಾ ಸರಿಪಡಿಸಲು 5,000 ಡಾಲರ್ ತನಕ ನೆರವು ಕೊಟ್ಟರು. ಇವರು ಪರೀಕ್ಷೆ ಮಾತ್ರ ಮಾಡಿಸಿದ್ದರು. ಆ ವರದಿ ಇನ್ನೂ ಇತ್ತು, ಟೈಪ್‌ರೈಟರಿನಲ್ಲಿ ಹೊಡೆದದ್ದು. ಆಗಿನ ಮಿತಿಗಿಂತ ಕಡಿಮೆ ಅಂತ ಅದರಲ್ಲಿತ್ತು. ಹಾಗಾಗಿ ತೆಗೆಸಲಿಲ್ಲ.

ಒಳಗೆ ಇನ್‌ಸ್ಪೆಕ್ಟರ್ ಮೇನ್ ಸ್ವಿಚ್ ಆರಿಸಿ ಹೊರಗೋಡೆಯ ಒಂದು ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚಿದರು. ಡಬ್ಬಿಯ ಅಂಚಿನಲ್ಲಿ ಕೆನೆ ಬಣ್ಣದ ಪುಡಿ. ಬೇಸ್‌ಮೆಂಟಿನಲ್ಲಿ, ಅಡಿಪಾಯದ ಮೇಲೆ ಮರದ ತೊಲೆ ಕೂರುವ ಕಡೆ, ನೊರೆ ಹೊರಗೆ ಉಕ್ಕಿ ಅಲ್ಲೇ ಒಣಗಿ ನಿಂತಿತ್ತು. ಗ್ಲೌಸ್ ಹಾಕಿದ ಬೆರಳಲ್ಲಿ ಸುಮ್ನೆ ಒತ್ತಿದರು. ಜಾತ್ರೆಯ ಬತ್ತಾಸಿನ ಹಾಗೆ ಪುಡಿಯಾಯಿತು. ಇದು ಯೂಫಿಯ ಗುರುತಂತೆ. ಪಾಲಿಯುರೆಥೇನ್ ಆಗಿದ್ದರೆ ಹೀಗೆ ಪುಡಿಯಾಗದೆ ಗಟ್ಟಿಯಾಗಿ ನಿಲ್ಲುತ್ತದೆ.

ಕ್ಯಾಮೆರಾದಲ್ಲಿ ಗೋಡೆಯ ಉದ್ದಕ್ಕೂ ನೀಲಿ ಪಟ್ಟೆಗಳು ಕಂಡವು. ಈ ನೊರೆ ಒಣಗುತ್ತಾ ಕುಗ್ಗುತ್ತದೆ, ಮರದ ಕಂಬಗಳಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಯಲ್ಲಿ ಚಳಿ. ವಿಷದ ಮಾತು ಆಮೇಲೆ, ಇನ್ಸುಲೇಷನ್ ಆಗಿಯೂ ಇದು ಅರ್ಧಂಬರ್ಧ.

ಇನ್‌ಸ್ಪೆಕ್ಟರ್ ಜಾಸ್ತಿ ಹೊತ್ತು ನಿಂತದ್ದು ಇದ್ಯಾವುದರ ಮುಂದೆಯೂ ಅಲ್ಲ. ಅಡುಗೆಮನೆಯ ಮೂಲೆಯ ಕೆಳಗೆ, ಬೇಸ್‌ಮೆಂಟಿನಲ್ಲಿ. ಅಲ್ಲಿ ಉಕ್ಕಿದ ನೊರೆ ಕಂದುಬಣ್ಣಕ್ಕೆ ತಿರುಗಿ ಮುದ್ದೆಯಾಗಿತ್ತು. ಪಕ್ಕದ ಮರಕ್ಕೆ ತೇವ ಅಳೆಯುವ ಮೀಟರಿನ ಸೂಜಿ ಚುಚ್ಚಿದರು, ಶೇಕಡಾ 20 ದಾಟಿತು. ಅಷ್ಟು ತೇವ ಬಹುಕಾಲ ನಿಂತರೆ ಮರ ಕೊಳೆಯಲು ಶುರು. ಹೊರಗೆ ಹೋಗಿ ನೋಡಿದರೆ ಮಾಡಿನ ನೀರು ಇಳಿಯುವ ಪೈಪು ಸರಿಯಾಗಿ ಅದೇ ಮೂಲೆಗೆ ಬಂದು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು.

"ನಾಲ್ಕು ದಶಕದ ಹಿಂದಿನ ಅನಿಲ ಯಾವಾಗಲೋ ಹೋಗಿದೆ. ನೀವು ಕೇಳಬೇಕಾದದ್ದು ಈ ಗೋಡೆಗೆ ನೀರು ಎಲ್ಲೆಲ್ಲಿ ಹೋಗಿದೆ ಅಂತ. ಒದ್ದೆಯಾದರೆ ಈ ನೊರೆ ಕೆಡುತ್ತದೆ, ಮತ್ತೆ ಅನಿಲ ಬಿಡುತ್ತದೆ, ಪಕ್ಕದ ಮರವನ್ನೂ ಒಣಗಲು ಬಿಡುವುದಿಲ್ಲ" ಅಂದರು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯೋಗದ ಮಾತು ಇದೇ. ಉಳಿದವರೆಲ್ಲ ಫೋಮ್ ಇದೆಯಾ, ಇಲ್ವಾ ಅಂತ ಕೇಳುತ್ತಿದ್ದರು. ಇವರೊಬ್ಬರೇ ಅದು ಒಣಗಿದೆಯಾ, ಒದ್ದೆಯಾಗಿದೆಯಾ ಅಂತ ನೋಡಿದ್ದು.

ಆದರೂ ಗಾಳಿ ಟೆಸ್ಟ್ ಬಿಡಲಿಲ್ಲ. ಷರತ್ತಿನ ಗಡುವು ಹತ್ತಿರ ಬಂದಿತ್ತು, ಮುಂದೂಡಿ ಅಂತ ಕೇಳಿದೆವು, ಯಜಮಾನರು ಒಪ್ಪಿದರು. ಕಿಟಕಿ ಬಾಗಿಲು ಮುಚ್ಚಿ, ಬ್ಯಾಡ್ಜ್‌ನಂಥ ಸಣ್ಣ ತಟ್ಟೆಗಳನ್ನು ಹಾಲ್, ಬೇಸ್‌ಮೆಂಟ್ ಮತ್ತು ಚಿಕ್ಕ ಬೆಡ್‌ರೂಮಿನಲ್ಲಿ ಒಂದು ದಿನ ತೂಗುಹಾಕಿ ಲ್ಯಾಬಿಗೆ ಕಳಿಸಿದ್ದಾಯಿತು. ಬೇಗ ಬೇಕು ಅಂದದ್ದಕ್ಕೆ ಹೆಚ್ಚು ದುಡ್ಡು. ಹೆಲ್ತ್ ಕೆನಡಾ ಹೇಳುವ ಮಿತಿ ದೀರ್ಘಕಾಲಕ್ಕೆ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ, ಒಂದು ಗಂಟೆಯ ಮಟ್ಟಿಗೆ 123. ಆ 50 ಅನ್ನೋದನ್ನು ಇಟ್ಟಿರುವುದೇ ಮಕ್ಕಳ ಆಸ್ತಮಾ ಅಧ್ಯಯನ ನೋಡಿ. ಹಾಗಾಗಿ ನಮಗೆ ಬೇಕಾದ ಅಂಕಿ ಅದೇ ಆಗಿತ್ತು.

ಹಾಲಿನಲ್ಲಿ, ಬೇಸ್‌ಮೆಂಟಿನಲ್ಲಿ 30ರ ಒಳಗೆ ಬಂತು. ಚಿಕ್ಕ ಬೆಡ್‌ರೂಮಿನಲ್ಲಿ 40 ದಾಟಿತ್ತು. ನಮ್ಮನೆಯವರು, "ನೋಡು, ಅಲ್ಲೇ ಇದೆ" ಅಂದರು. ಅಲ್ಲಿ ಇದ್ದದ್ದು ಯಜಮಾನರು ತಮ್ಮ ಮೊಮ್ಮಗನಿಗೆ ಅಂತ ತಂದ ಹೊಸ ವಾರ್ಡ್‌ರೋಬು, ಮೇಜು. ಎರಡೂ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆಯವು. ಅಂಥ ಹಲಗೆಗಳ ಅಂಟಿನಲ್ಲಿ ಹೆಚ್ಚಾಗಿ ಇರುವುದು ಇದೇ ಯೂರಿಯಾ ಫಾರ್ಮಾಲ್ಡಿಹೈಡ್! ಮಿಸಿಸಾಗಾದ ನಮ್ಮ ಬಾಡಿಗೆ ಮನೆಯಲ್ಲೂ ಅಂಥವೇ ಕಪಾಟುಗಳು ತುಂಬಿದ್ದವು. ಅದಕ್ಕೆ ಯಾವ ಕರಾರು ಪತ್ರದಲ್ಲೂ ಪ್ಯಾರಾ ಇಲ್ಲ.

ಅತ್ತೆಯವರಿಗೆ ವಿಡಿಯೋ ಕಾಲ್‌ನಲ್ಲಿ ಹೇಳುವುದು ಎಲ್ಲಕ್ಕಿಂತ ಕಷ್ಟ ಆಯಿತು. "ಏನಮ್ಮಾ, ಗೋಡೆ ಒಳಗೆ ವಿಷ ಐತಂತೆ?" "ಇಲ್ಲ ಅತ್ತೆ, ಮುಂಚೆ ಇತ್ತು, ಈಗ ಆರಿಹೋಗಿದೆ." "ಆರಿಹೋದ್ರೆ ಒಳಗೆ ಯಾಕೆ ಇಟ್ಕೋಬೇಕು?" ಇದಕ್ಕೆ ಉತ್ತರ ದುಡ್ಡು. ಪೂರ್ತಿ ತೆಗೆಸಬೇಕಾದರೆ ಎಲ್ಲ ಹೊರಗೋಡೆಗಳ ಒಳಮೈ ಕಿತ್ತು ಮತ್ತೆ ಕಟ್ಟಬೇಕು. ಸಿಕ್ಕ ಅಂದಾಜು ಹೊಸ ಅಡುಗೆಮನೆ ಮತ್ತು ಬಾತ್‌ರೂಮು ಎರಡನ್ನೂ ನುಂಗುವಷ್ಟಿತ್ತು. ಅದನ್ನು ಅತ್ತೆಗೆ ರೂಪಾಯಿಯಲ್ಲಿ ಹೇಳಿದೆ. "ಹಂಗಾರೆ ಇರ್ಲಿ ಬಿಡು" ಅಂದರು.

ವಕೀಲರ ಹತ್ತಿರ ಕೂತಾಗ ಇನ್ನೊಂದು ಮುಖ ತಿಳಿಯಿತು. ಈ ನೊರೆಯ ಮೇಲೆ ಕ್ವಿಬೆಕ್‌ನಲ್ಲಿ ಒಂದು ದೊಡ್ಡ ಮೊಕದ್ದಮೆ ಎಂಟು ವರ್ಷದಷ್ಟು ನಡೆದು 1991ರಲ್ಲಿ ತೀರ್ಪು ಬಂತಂತೆ. ಮನೆಯವರು ಸೋತರು, ನೊರೆಯಿಂದಲೇ ಆರೋಗ್ಯ ಕೆಟ್ಟಿತು ಅನ್ನೋದು ಸಾಬೀತಾಗಲಿಲ್ಲ. ಸಾಲಕ್ಕೆ ವಿಮೆ ಕೊಡುವ ಸರ್ಕಾರಿ ಗೃಹ ಸಂಸ್ಥೆಯೂ 1993ರಲ್ಲಿ ಯೂಫಿ ಬಗ್ಗೆ ಕೇಳುವುದನ್ನು ಕೈಬಿಟ್ಟಿತು. ಆದರೆ ಕರಾರಿನ ಆ ಪ್ಯಾರಾ ಮಾತ್ರ ಉಳಿದುಕೊಂಡಿದೆ. "ಅವರು ಹೊಡೆದುಹಾಕಿದ್ದನ್ನು ನೀವು ಒಪ್ಪಿದರೆ, ನಾಳೆ ಇದರ ಹೆಸರಲ್ಲಿ ಅವರ ಮೇಲೆ ಕ್ಲೇಮ್ ಹಾಕೋಕಾಗಲ್ಲ. ನೀವು ಮಾರುವ ದಿನ ನೀವೂ ಅದನ್ನು ಹೊಡೆದುಹಾಕಬೇಕಾಗುತ್ತೆ. ಆವತ್ತು ಬರೋ ಗಿರಾಕಿಗಳಲ್ಲಿ ಒಂದಷ್ಟು ಜನ ಅಲ್ಲಿಂದಲೇ ವಾಪಸ್ ಹೋಗ್ತಾರೆ" ಅಂದರು ವಕೀಲರು. ಗಾಳಿಯಿಂದ ಹೋದ ಯೂಫಿ ಕಾಗದದಿಂದ ಹೋಗಿಲ್ಲ. ನನ್ನ ಲೆಕ್ಕದಲ್ಲಿ ಈ ಮನೆಯ ಬೆಲೆ ಇಳಿಯಬೇಕಾದದ್ದು ಆರೋಗ್ಯದ ಹೆಸರಲ್ಲಿ ಅಲ್ಲ, ಈ ಕಾಗದದ ಹೆಸರಲ್ಲಿ. ಅದನ್ನೇ ಹಿಡಿದು ಚೌಕಾಸಿ ಮಾಡಿದೆವು.

ಬ್ಯಾಂಕಿನವರು ಒಂದು ಪ್ರಶ್ನೆ ಕೇಳಿ, ಲ್ಯಾಬ್ ವರದಿ ನೋಡಿ ಸುಮ್ಮನಾದರು. ಮನೆ ವಿಮೆಯವರಂತೂ ಫೋಮಿನ ಸುದ್ದಿಯನ್ನೇ ಎತ್ತಲಿಲ್ಲ. ವೈರಿಂಗ್ ಯಾವುದು, ಎಷ್ಟು ಆಂಪ್ಸ್, ನೆಲದಡಿಯಲ್ಲಿ ಹಳೇ ಎಣ್ಣೆ ಟ್ಯಾಂಕು ಉಳಿದಿದೆಯಾ, ಬರೀ ಇದೇ.

ಯಜಮಾನರ ಕಡೆಯ ಏಜೆಂಟ್ ಮೊದಲು ಒಂದು ಪೈಸೆ ಬಿಡಲ್ಲ ಅಂದರು. ನಾವು ಕೊಳೆಯುತ್ತಿದ್ದ ಮೂಲೆಯ ಫೋಟೋ, ಮೀಟರಿನ ಅಂಕಿ, ರಿಪೇರಿಯ ಅಂದಾಜು ಮೂರನ್ನೂ ಕಳಿಸಿದೆವು. ಲ್ಯಾಬ್ ವರದಿಯ ಪ್ರತಿಯನ್ನೂ ಕೊಡುತ್ತೇವೆ ಅಂದೆವು. ನಾವು ಬಿಟ್ಟು ಹೋದರೂ ಮುಂದಿನವರಿಗೆ ತೋರಿಸಲು ಅವರಿಗೆ ಅದು ಬೇಕೇ ಬೇಕಿತ್ತು. ಬೆಲೆ ಇಳಿಯಿತು. ನಾವು ಕೇಳಿದಷ್ಟಲ್ಲ, ಆದರೆ ಮೂಲೆಯ ರಿಪೇರಿಯನ್ನು ದಾಟಿ ಒಂದಿಷ್ಟು ಉಳಿಯುವಷ್ಟು.

ಕೀ ಸಿಕ್ಕ ಮೇಲೆ ಮೊದಲ ಕೆಲಸ ಮಾಡಿನ ಪೈಪಿಗೆ ಉದ್ದದ ತುಂಡು ಜೋಡಿಸಿ ನೀರನ್ನು ಹಿತ್ತಲ ಕಡೆ ತಿರುಗಿಸಿದ್ದು. ಇಡೀ ಮನೆಯಲ್ಲಿ ಅತ್ಯಂತ ಅಗ್ಗದ ರಿಪೇರಿ. ಇಷ್ಟನ್ನು ಯಾರಾದರೂ ಹತ್ತು ವರ್ಷ ಮುಂಚೆ ಮಾಡಿದ್ದರೆ ಗೋಡೆ ಬಿಚ್ಚುವ ಪ್ರಸಂಗವೇ ಇರಲಿಲ್ಲ ಅಲ್ವಾ?

ವಸಂತದಲ್ಲಿ ಮೂಲೆ ಬಿಚ್ಚಿಸಿದೆವು. ಕೆಲಸದವರು ಅಡುಗೆಮನೆಯನ್ನು ಪ್ಲಾಸ್ಟಿಕ್ ಪರದೆಯಿಂದ ಮುಚ್ಚಿ, ಮಾಸ್ಕ್ ಹಾಕಿಕೊಂಡು ಒಳಗಿನ ಪ್ಲಾಸ್ಟರ್ ಕತ್ತರಿಸಿದರು. ಮೇಲುಗಡೆ ನೊರೆ ಒಣಗಿ, ಬಿರುಕು ಬಿಟ್ಟು, ಕಂಬದಿಂದ ಬೆರಳು ಹೋಗುವಷ್ಟು ದೂರ ಸರಿದು ನಿಂತಿತ್ತು. ವಾಸನೆ ಏನೂ ಇಲ್ಲ. ಕೆಳಗೆ ಹೋದಂತೆ ಬಣ್ಣ ಗಾಢವಾಗಿ, ಬುಡದ ಒಂದಡಿಯಲ್ಲಿ ಒದ್ದೆ ಬೂದಿ. ಅಲ್ಲಿ ಮಾತ್ರ ಮೂಗಿಗೆ ಚುರುಕ್ ಅಂತ ಹೊಡೆಯುವ ಘಾಟು ಇತ್ತು. ಇನ್‌ಸ್ಪೆಕ್ಟರ್ ಹೇಳಿದ್ದು ಆವತ್ತು ಮೂಗಿಗೇ ಗೊತ್ತಾಯಿತು. ಕೊಳೆತ ಮರದ ತುಂಡು ತೆಗೆದು ಹೊಸದು ಕೂರಿಸಿದರು. ನೊರೆಯನ್ನು ಕೆರೆದು, ಬ್ರಷ್ ಹಾಕಿ, ಉಳಿದ ಮರವನ್ನು ಸೋಡಿಯಂ ಬೈಸಲ್ಫೈಟ್ ದ್ರಾವಣದಲ್ಲಿ ಒರೆಸಿದರು. ಮರ ಹೀರಿಕೊಂಡ ಫಾರ್ಮಾಲ್ಡಿಹೈಡನ್ನು ಅದು ಹಿಡಿದುಹಾಕುತ್ತದೆ. ಪೂರ್ತಿ ಒಣಗಲು ಬಿಟ್ಟು, ಕಲ್ಲುಹತ್ತಿಯ (ರಾಕ್ ವೂಲ್) ಇನ್ಸುಲೇಷನ್ ತುಂಬಿ, ಮೇಲೆ ಪಾಲಿಥೀನ್ ಹಾಳೆ, ಅದರ ಮೇಲೆ ಡ್ರೈವಾಲ್.

ಉಳಿದ ಗೋಡೆಗಳನ್ನು ಮುಟ್ಟಿಲ್ಲ. ಹೊರಗೋಡೆಯ ಪ್ಲಗ್ ಪಾಯಿಂಟುಗಳಿಗೆ ಗ್ಯಾಸ್ಕೆಟ್ ಹಾಕಿ, ನೆಲದಂಚಿನ ಸಂದಿಗಳಿಗೆ ಕಾಕ್ ಅನ್ನೋ ಸಂದಿ ಮುಚ್ಚುವ ಪೇಸ್ಟ್ ಹೊಡೆಸಿದ್ದೇವೆ. ಗೋಡೆಗೆ ಸುರಿಯಬೇಕಿದ್ದ ದುಡ್ಡನ್ನು ಅಟ್ಟಕ್ಕೆ ಹಾಕಿದೆವು, ಬಿಸಿ ಹೆಚ್ಚಾಗಿ ಸೋರುತ್ತಿದ್ದದ್ದು ಅಲ್ಲಿಂದಲೇ. ಗಾಳಿ ಬದಲಿಸುವ ಎಚ್‌ಆರ್‌ವಿ ಯಂತ್ರವನ್ನೂ ಬೇಸ್‌ಮೆಂಟಿನಲ್ಲಿ ಕೂರಿಸಿದ್ದಾಯಿತು, ಅದು ಮಗನ ವೀಸಿಂಗಿಗಾಗಿ. ಆ ವಾರ್ಡ್‌ರೋಬನ್ನು ಯಜಮಾನರು ಬಿಟ್ಟುಹೋಗುತ್ತೇನೆ ಅಂದಿದ್ದರು, ನಾವೇ ಬೇಡ ಅಂದೆವು. ಮುಂದಿನ ವರ್ಷ ಬಾತ್‌ರೂಮಿನ ಕೆಲಸ ಇದೆ. ಅದರ ಒಂದು ಗೋಡೆ ಹೊರಗೋಡೆ. ಟೈಲ್ಸ್ ಕೀಳುವಾಗ ಅಲ್ಲಿಯ ನೊರೆಯನ್ನೂ ತೆಗೆಯಲು ಅದೇ ಕೆಲಸದವರಿಗೆ ಈಗಲೇ ಹೇಳಿಟ್ಟಿದ್ದೇವೆ.